ಕೋಲು ಹಿಡಿದವರು ಮುಂದೆ

ಆಗಿನ್ನೂ ಜನರ ನಡಿಗೆಯನ್ನು ಫೋನು ಎಣಿಸುತ್ತಿರಲಿಲ್ಲ. ರಾಯಚೂರಿನ ನಮ್ಮ ಓಣಿಯ ಕೆಲವರು ನಸುಕಿನಲ್ಲೆದ್ದು ಕೆರೆಯ ತನಕ ನಡೆದು, ಬರುವಾಗ ಮಂಡಾಳು ಒಗ್ಗರಣೆ, ಮಿರ್ಚಿ ಹೊಡೆದು, ಕರಗಿಸಿದ್ದನ್ನೆಲ್ಲ ಮತ್ತೆ ತುಂಬಿಕೊಂಡು ಮನೆಗೆ ಮರಳುತ್ತಿದ್ದರು. ದಸರೆ ಮುಗಿದು ಸೀತಾಫಲ ಕಣ್ಣು ಬಿಡುವ ಹೊತ್ತಿಗೆ ಈ ಗುಂಪು ರೊಟ್ಟಿ ಕಟ್ಟಿಕೊಂಡು, ದೇವದುರ್ಗದ ಬಸ್ಸು ಹತ್ತಿ, ಮಸರಕಲ್ ಕಡೆಯ ಒಂದು ಗುಡ್ಡಕ್ಕೆ ಹೋಗುತ್ತಿತ್ತು. ಅದರ ನೆತ್ತಿಯಿಂದ ದೂರದಲ್ಲಿ ಕೃಷ್ಣಾ ಹೊಳೆ ಕಾಣುತ್ತದೆ ಎಂದು ಅಪ್ಪ ಪ್ರತಿ ವರ್ಷ ಬಂದು ವರ್ಣಿಸುತ್ತಿದ್ದ. ಕೇಳಿ ಕೇಳಿ ನನಗೆ ಹುಚ್ಚು ಹಿಡಿದಿತ್ತು.

ಸೈಕಲ್ ಅಂಗಡಿ ನಡೆಸುತ್ತಿದ್ದ ಅಪ್ಪ, ನಾನಿನ್ನೂ ಸಣ್ಣವಳಿದ್ದ ಒಂದು ಮಳೆಗಾಲ, ಎದೆನೋವು ಬಂದು ಆಸ್ಪತ್ರೆ ಸೇರಿ ಮರಳಿದ್ದ. ಆದರೂ ಗುಡ್ಡಕ್ಕೆ ಹೋಗಿಯೇ ತೀರುವೆನೆಂದು ಹಟ ಹಿಡಿದ. ಅವ್ವ ಬೈದಳು, ಅತ್ತಳು, ಕೊನೆಗೆ ನನ್ನನ್ನು ಜೊತೆಗೆ ಕಳಿಸಿದಳು.

"ನಿಮ್ಮಪ್ಪನ ಮ್ಯಾಲ ಒಂದು ಕಣ್ಣಿರಲಿ. ನಿಂದೇ ಓಡಾಟ ನಡಸಬ್ಯಾಡ."

ನಾನು ಹೂಂ ಅಂದೆ. ನನ್ನ ಎರಡೂ ಕಣ್ಣು ಆಗಲೇ ಹೊಳೆಯ ಮೇಲಿದ್ದವು.

ಆ ಗುಂಪಿಗೊಂದು ಪದ್ಧತಿ ಇತ್ತು. ಎಲ್ಲರಿಗಿಂತ ನಿಧಾನ ನಡೆಯುವವರ ಕೈಗೆ ಬಿದಿರಿನ ಕೋಲು ಕೊಟ್ಟು ಅವರನ್ನೇ ಮುಂದೆ ಬಿಡುವುದು. ಕೋಲು ಹಿಡಿದವರನ್ನು ಯಾರೂ ದಾಟುವಂತಿಲ್ಲ. ಎಲ್ಲರಿಗಿಂತ ಗಟ್ಟಿಯಾದವರು ನೀರಿನ ಕ್ಯಾನು ಹೊತ್ತು ಕಟ್ಟಕಡೆಗೆ ಬರಬೇಕು. ಆ ಕಟ್ಟಕಡೆಯ ಜಾಗ ಯಾವಾಗಲೂ ಅಪ್ಪನದು. ಬಸ್ಸಿಳಿದ ಕೂಡಲೇ ಹಣ್ಣಿನ ವ್ಯಾಪಾರಿ ರಹೀಂ ಚಾಚಾ, ಗುಂಪಿಗೆ ಹಿರಿಯರು, ಕೋಲನ್ನು ಅಪ್ಪನ ಮುಂದೆ ಹಿಡಿದರು.

"ಈ ಸಲ ನೀವು ಮುಂದ ನಡೀರಿ."

ಅಪ್ಪನ ಮುಖ ಕೆಂಪಾಯಿತು. "ಯಾಕ್ರೀ ಚಾಚಾ, ನಾ ಅಷ್ಟು ಮುದುಕ ಆದ್ನೇನು? ನಂದು ಹಿಂದಿನ ಜಾಗಾನ" ಎಂದು ಕ್ಯಾನು ಎತ್ತಿಕೊಂಡ. ಕೋಲು ಎಂದಿನಂತೆ ಮೊಳಕಾಲು ನೋವಿನ ಈರಮ್ಮಕ್ಕನ ಕೈಗೆ ಹೋಯಿತು.

ಈರಮ್ಮಕ್ಕನ ಹಿಂದೆ ನಡೆಯುವುದೆಂದರೆ! ಕಲ್ಲು ಕಂಡರೆ ಕೂಡುವಳು, ಗಿಡ ಕಂಡರೆ ನಿಲ್ಲುವಳು, ಸೊಸೆಯ ಕಥೆ ಶುರು ಮಾಡುವಳು. ನಾನು ಅಂಡು ಸುಟ್ಟ ಬೆಕ್ಕಿನಂತೆ ಅವಳ ಬೆನ್ನಿಗೇ ಚಡಪಡಿಸುತ್ತಿದ್ದೆ. ಒಣಹುಲ್ಲಿನ ವಾಸನೆ, ಬಂಡೆಯ ಕಾವು, ಯಾರದೋ ಬುತ್ತಿಯಿಂದ ಬರುವ ಶೇಂಗಾ ಚಟ್ನಿಯ ಘಾಟು, ಎಲ್ಲವೂ ಬೇಗ ನಡಿ, ಬೇಗ ನಡಿ ಅನ್ನುತ್ತಿದ್ದವು.

"ಲಗೂ ನಡಿ ಈರಮ್ಮಕ್ಕ!"

"ಹೊಳಿ ಏನು ಓಡಿ ಹೋಗ್ತದೇನಬೇ?"

ಓಡಿಯೇ ಹೋಗುತ್ತದೆ ಎಂದು ನನಗೆ ಖಾತ್ರಿಯಿತ್ತು.

ನೆತ್ತಿ ಇನ್ನೇನು ಸಿಕ್ಕಿತು ಅನ್ನುವಾಗ ಅವ್ವನ ಮಾತು ನೆನಪಾಗಿ ಹಿಂದೆ ತಿರುಗಿದೆ. ಅಪ್ಪ ಕಾಣಲಿಲ್ಲ. ಕಟ್ಟಕಡೆಗೆ ಬರುವವನನ್ನು ನೋಡಲು ಅವನ ಹಿಂದೆ ಯಾರಿರುತ್ತಾರೆ? ಯಾರಿಗೂ ಗೊತ್ತಾಗಿರಲಿಲ್ಲ. ಕೆಳಗೆ ಓಡಿದೆ. ತಿರುವಿನ ಬಂಡೆಯ ಮೇಲೆ ಅಪ್ಪ ಕೂತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು, ತುಟಿ ಬಿಳಿಚಿತ್ತು.

"ಏನಿಲ್ಲ ಯವ್ವಾ, ಕಾಲಾಗ ಹರಳು ಚುಚ್ಚಿತ್ತು."

ಕೈ ಮಾತ್ರ ಎದೆಯ ಮೇಲಿತ್ತು.

"ಚಾಚಾನ ಕರಕೊಂಡು ಬರ್ತೀನಿ."

"ಬ್ಯಾಡ. ಯಾರ ಮುಂದೂ ಹೇಳಬ್ಯಾಡ. ನನ್ನಾಣಿ ಅದ."

ಹೋದರೆ ಆಣೆ ಮುರಿಯುತ್ತದೆ, ಹೋಗದಿದ್ದರೆ ಅಪ್ಪ ಏನಾಗುತ್ತಾನೋ. ಕೂತೆ, ಎದ್ದೆ, ಮೇಲೆ ನೋಡಿದೆ, ಅಪ್ಪನನ್ನು ನೋಡಿದೆ. ಅಷ್ಟು ಹೆದರಿದ್ದು ನನ್ನ ಬಾಲ್ಯದಲ್ಲಿ ಬೇರೆ ನೆನಪಿಲ್ಲ.

ಚಾಚಾ ತಾವಾಗಿಯೇ ಇಳಿದು ಬಂದರು. ನಾನೆಂಬ ಬೆನ್ನು ಹತ್ತಿದ ಪೀಡೆ ಇದ್ದಕ್ಕಿದ್ದಂತೆ ಸುಮ್ಮನಾದದ್ದು ಈರಮ್ಮಕ್ಕನಿಗೆ ವಿಚಿತ್ರ ಅನಿಸಿ ಅವರಿಗೆ ಹೇಳಿದ್ದಳಂತೆ. ಚಾಚಾ ಅಪ್ಪನನ್ನು ಒಮ್ಮೆ ನೋಡಿದರು. ಪಕ್ಕದಲ್ಲಿ ಕೂತು, ನೀರು ಕುಡಿಸಿ, ಅಪ್ಪನ ಉಸಿರು ಹದಕ್ಕೆ ಬರುವ ತನಕ ಸೀತಾಫಲ ಬಿಡಿಸುತ್ತ ಅದರ ಧಾರಣೆಯ ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನು ಬೇಟಾ, ಕಾಲು ನೋಯಾಕತ್ತಾವ?"

"ನಂಗಾ? ನಂಗೇನೂ ಆಗಿಲ್ಲ!"

"ಆಗ್ಯಾದ, ಆಗ್ಯಾದ." ಎದ್ದು ನಿಂತು ಮೇಲಿನವರಿಗೆ ಕೂಗಿದರು. "ಎಲ್ಲಾರೂ ಇಳದ್ ಬರ್ರೀ! ಹುಡುಗಿ ಕೈಲೆ ಆಗವಲ್ದು. ಇಲ್ಲೇ ಬುತ್ತಿ ಬಿಚ್ಚೋಣು."

ನನ್ನ ಕಣ್ಣಲ್ಲಿ ನೀರೇ ಬಂತು. ಹೊಳೆಯೂ ಹೋಯಿತು, ಹೆಸರೂ ಕೆಟ್ಟಿತು. ಎಲ್ಲರೂ ಬಂದು "ಪಾಪ, ಸಣ್ಣ ಕೂಸು" ಎಂದು ತಲೆ ಸವರಿದರು. ಈರಮ್ಮಕ್ಕ ನನ್ನ ಪಾದ ಒತ್ತಲು ಕೂತೇಬಿಟ್ಟಳು. ಸಿಟ್ಟಿನಿಂದ ಅಪ್ಪನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಚಪ್ಪಲಿಯ ದೂಳು ಒರೆಸುತ್ತಿದ್ದ.

ಇಳಿಯುವಾಗ ಕೋಲು ನನ್ನ ಕೈಗೆ ಬಂತು. ಚಾಚಾ ಬಗ್ಗಿ, "ನಿಧಾನ ನಡಿ. ನಿಮ್ಮಪ್ಪ ನಿನ್ನ ಹಿಂದೇ ಬರ್ತಾರ" ಎಂದು ಕಿವಿಯಲ್ಲಿ ಹೇಳಿದರು. ಕ್ಯಾನು ಈಗ ಅವರ ಹೆಗಲ ಮೇಲಿತ್ತು. ಓಡಲು ತುಡಿಯುವ ಕಾಲುಗಳನ್ನು ಹಿಡಿದಿಟ್ಟುಕೊಂಡು ನಡೆದೆ. ಬೆನ್ನ ಹಿಂದೆ ಅಪ್ಪನ ಚಪ್ಪಲಿಯ ಸಪ್ಪಳ ತಡವಾದರೆ ನಾನೂ ನಿಲ್ಲುತ್ತಿದ್ದೆ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಹೊಳಿ ಕಂಡ್ತೇನ?"

ಅಪ್ಪ ಉಸಿರು ಬಿಗಿಹಿಡಿದದ್ದು ನನಗೆ ಗೊತ್ತಾಯಿತು.

"ಇಲ್ಲಬೇ," ಅಂದೆ. "ನನ್ನ ಕಾಲು ನೋಯಾಕತ್ತಿದ್ವು."

ಅವ್ವ ಬಿಸಿನೀರು ಕಾಯಿಸಲು ಒಳಗೆ ಹೋದಳು. ಅಪ್ಪ ನನ್ನನ್ನು ಎತ್ತಿಕೊಳ್ಳಲಿಲ್ಲ, ಮುದ್ದಾಡಲಿಲ್ಲ. ಜೇಬಿನಲ್ಲಿದ್ದ ಸೀತಾಫಲ ತೆಗೆದು ನನ್ನ ಕೈಯಲ್ಲಿಟ್ಟ. ಮರುದಿನ ತಾನಾಗಿಯೇ ಡಾಕ್ಟರ ಹತ್ತಿರ ಹೋಗಿ ಬಂದ.

ಆ ಗುಂಪು ಈಗಿಲ್ಲ. ಚಾಚಾ ಇಲ್ಲ, ಅಪ್ಪನೂ ಇಲ್ಲ. ಮೊನ್ನೆ ದಸರೆ ಕಳೆದ ಮೇಲೆ ಈಗಿನ ನಮ್ಮ ವಾಕಿಂಗ್ ಬಳಗದೊಡನೆ ಅದೇ ಗುಡ್ಡ ಹತ್ತಿದೆ. ಒಬ್ಬೊಬ್ಬರದೂ ಒಂದೊಂದು ವೇಗ, ಕಿವಿಯಲ್ಲಿ ಒಂದೊಂದು ಹಾಡು. ಅರ್ಧ ಜನ ನಡುವೆಯೇ ತಿರುಗಿ ಹೋಗಿದ್ದರು. ಅದು ತಿಳಿದದ್ದು ಫೋನಿಗೆ ಬಂದ ಸಂದೇಶದಿಂದ. ತಡೆಯುವ ಕೋಲಿರಲಿಲ್ಲ, ಎಲ್ಲರಿಗಿಂತ ಮೊದಲು ನಾನೇ ನೆತ್ತಿ ಮುಟ್ಟಿದೆ.

ಹೊಳೆ ಓಡಿ ಹೋಗಿರಲಿಲ್ಲ. ಅಪ್ಪ ಹೇಳಿದಂತೆಯೇ ಬಿಸಿಲಿಗೆ ಹೊಳೆಯುತ್ತ ದೂರದಲ್ಲಿ ಬಿದ್ದುಕೊಂಡಿತ್ತು. ಕಂಡಿತು ಅಪ್ಪಾ ಎಂದು ಹೇಳಲು ಹಿಂದೆ ತಿರುಗಿದೆ. ಬೆನ್ನ ಹಿಂದೆ ಚಪ್ಪಲಿಯ ಸಪ್ಪಳವಿರಲಿಲ್ಲ.