ಬಾನೆಟ್ ಮೇಲಿನ ತೂಕ

ಸೌದೆ ವ್ಯಾಪಾರ ನನ್ನ ಕೈಲಾಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಅಣ್ಣ. "ಸುಮ್ನೆ ಮನೇಲಿರು ಕಣೇ" ಎಂದಿದ್ದ. ನಾನು ಸುಮ್ಮನಿರಲಿಲ್ಲ. ಕುಣಿಗಲ್ ಕಡೆಯಿಂದ ತುಮಕೂರಿನ ಮದುವೆ ಅಡುಗೆಯವರಿಗೆ ಬಾಡಿಗೆ ಗಾಡಿಯಲ್ಲಿ ಸೌದೆ ಹಾಕುತ್ತಿದ್ದೆ. ಸ್ವಂತ ಗಾಡಿ ಬೇಕೆನಿಸಿದಾಗ, ಪಿಕಪ್ಪೋ ಟ್ರ್ಯಾಕ್ಟರ್ ಟ್ರೇಲರೋ ಎಂಬ ಯೋಚನೆ ಬಂತು. ಟ್ರೇಲರ್ ಪಿಕಪ್ಪಿನ ಎರಡರಷ್ಟು ಸೌದೆ ಹಿಡಿಯುತ್ತದೆ. ನನ್ನ ಮನಸ್ಸು ಅದರ ಮೇಲೇ ಇತ್ತು.

ನಿಟ್ಟೂರಿನಲ್ಲಿ ಒಬ್ಬರು ಟ್ರ್ಯಾಕ್ಟರು, ಟ್ರೇಲರು ಎರಡನ್ನೂ ಮಾರುತ್ತಿದ್ದರು. ಹುಣಸೆ ಸೌದೆ ತುಂಬಿ ಕೆರೆ ಏರಿ ಹತ್ತಿಸಿ ತೋರಿಸಿ ಎಂದೆ. ಅರ್ಧ ಹತ್ತಿತ್ತು ಅಷ್ಟೇ, ಟ್ರ್ಯಾಕ್ಟರಿನ ಮುಂದಿನ ಎರಡೂ ಚಕ್ರ ನೆಲ ಬಿಟ್ಟು ಮೇಲೆದ್ದವು! ನಾನು ಕಿರುಚಿದೆ. ಡ್ರೈವರ್ ಬಾಯಿಂದ ಬೀಡಿಯನ್ನೂ ತೆಗೆಯದೆ ಕ್ಲಚ್ ಒತ್ತಿದ. ಚಕ್ರಗಳು ದಡಕ್ಕನೆ ಕೆಳಗೆ ಬಿದ್ದವು.

"ಏನ್ರೀ ಇದು? ಮಗುಚ್ಕೊಂಡ್ರೆ ಅವ್ನು ಉಳೀತಾನಾ?" ಎಂದು ಮಾರುವವರನ್ನು ಕೇಳಿದೆ.

"ಅಯ್ಯೋ, ಮುಂದ್ಗಡೆ ತೂಕ ಸಾಲ್ದು ಕಣಕ್ಕ, ಅಷ್ಟೇಯ. ಬಾನೆಟ್ ಮೇಲೆ ಇಬ್ರು ಕೂತ್ರೆ ಸರಿಹೋಯ್ತದೆ. ದಿನಾ ನಮ್ಮನೆಯವ್ಳೂ ನಮ್ಮತ್ಗೆನೂ ಕೂತ್ಕೊಳ್ಳಲ್ವಾ?"

ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿಯ ಮುಖ ನೋಡಿದೆ. ಆಕೆ ಹೌದೆಂದು ತಲೆಯಾಡಿಸಿದಳು. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನೀವಾದ್ರೆ ಒಬ್ರೇ ಸಾಕು ಬುಡಿ" ಎಂದರು.

ಅಲ್ಲಿಂದ ನೇರವಾಗಿ ಬಸ್ಸು ಹತ್ತಿದೆ.

ಈಗ ನನ್ನ ಹೆಸರಿನಲ್ಲಿ ಒಂದು ಹಳೇ ಪಿಕಪ್ ಇದೆ. ಅದಕ್ಕೆ ನಾಲ್ಕು ಚಿನ್ನದ ಬಳೆ ಮಾರಿದೆ; ಟ್ರೇಲರಿನ ಒಂದು ಲೋಡಿಗೆ ಎರಡೆರಡು ಸಲ ಓಡಾಡಬೇಕು. ಆದರೆ ಸೀಟಿನ ಮೇಲೆ ಕೂತೇ ಓಡಾಡುತ್ತೇನೆ.