ಎಂಜಿನ್ ತಣಿಯುವವರೆಗೆ ಎಣಿಸಿದ್ದು

ಜನಕಪುರಿಯಲ್ಲಿ ಮೆಟ್ರೋದ ಕಂಬಗಳು ಒಂದೊಂದಾಗಿ ಏಳುತ್ತಿದ್ದ ದಿನಗಳವು. ಮೇ ತಿಂಗಳು ಬಂತೆಂದರೆ ಪ್ರತಿ ಮನೆಯ ಕಿಟಕಿಗೂ ಕೂಲರ್ ಸಿಕ್ಕಿಸುತ್ತಿದ್ದರು. ಅದರ ಒದ್ದೆ ಹುಲ್ಲಿನ ವಾಸನೆಯಲ್ಲಿ ನಾವು ಮಕ್ಕಳು ಮಧ್ಯಾಹ್ನವಿಡೀ ಬಿದ್ದುಕೊಂಡಿರುತ್ತಿದ್ದೆವು. ಹನ್ನೊಂದು ಗಂಟೆಯಾದ ಮೇಲೆ ತರಕಾರಿ ಭಯ್ಯಾನ ಕೂಗೂ ಕೇಳಿಸುತ್ತಿರಲಿಲ್ಲ. ಅಮ್ಮ ಮಜ್ಜಿಗೆಗೆ ಕೊಡುತ್ತಿದ್ದ ಇಂಗಿನ ಒಗ್ಗರಣೆ, ನಲ್ಲಿಯಲ್ಲಿ ಬರುತ್ತಿದ್ದ ಕಾದ ನೀರು, ಕೂಲರಿನ ಮುಂದೆ ಬಾಯಿಟ್ಟು ಕೂಗಿದರೆ ನಡುಗಿಕೊಂಡು ವಾಪಸು ಬರುತ್ತಿದ್ದ ನಮ್ಮದೇ ದನಿ. ನನ್ನ ಓರಗೆಯವರಿಗೆ ದೆಹಲಿಯ ಬೇಸಿಗೆ ಎಂದರೆ ಇಷ್ಟು. ನನಗೆ ಮಾತ್ರ ಇನ್ನೊಂದು ವಾಸನೆಯೂ ನೆನಪಿದೆ. ಅದು ಕಾದ ಎಂಜಿನ್ ಆಯಿಲಿನದು.

ಆ ಮೋಟಾರ್‌ಸೈಕಲ್ ದೊಡ್ಡಪ್ಪನದು. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ಚಿತ್ರದುರ್ಗದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ನನಗೆ ಅವನು ಗೋಡೆಯ ಮೇಲಿನ ಒಂದು ಫೋಟೋ ಅಷ್ಟೇ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಅಣ್ಣನ ಗಾಡಿಯನ್ನು ರೈಲಿನಲ್ಲಿ ಹಾಕಿಸಿ ತರಿಸಿಕೊಂಡಿದ್ದ. ನನ್ನನ್ನು ಹಿಂದೆ ಕೂರಿಸಿಕೊಂಡು, ಅದನ್ನು ಒಂದು ಸಲವಾದರೂ ರಸ್ತೆಯ ಮೇಲೆ ಓಡಿಸಿಕೊಂಡೇ ಚಿತ್ರದುರ್ಗಕ್ಕೆ ಹೋಗಬೇಕು ಎಂಬುದು ಅವನ ಆಸೆ. ದಸರಾ ರಜೆಗೆ ಹೊರಡುವುದೆಂದು ನಿಶ್ಚಯವೂ ಆಗಿತ್ತು.

"ರೀ, ಆಫೀಸಿನೋರು ರೈಲಿನ ಖರ್ಚು ಕೊಡ್ತಾರೆ. ಸುಮ್ನೆ ಕಾಲು ಚಾಚ್ಕೊಂಡು ಹೋಗಿ ಬರೋದು ಬಿಟ್ಟು..." ಎಂದು ಅಮ್ಮ ಗೊಣಗುತ್ತಿದ್ದಳು.

"ರೈಲಲ್ಲಿ ಕೂತ್ರೆ ಊರು ತಾನಾಗೇ ಬರತ್ತೆ ಕಣೇ. ಗಾಡೀಲಾದ್ರೆ ನಾವು ಹೋಗ್ಬೇಕು," ಎನ್ನುತ್ತಿದ್ದ ಅಪ್ಪ. ಅಮ್ಮ ಪಾತ್ರೆ ಕುಕ್ಕುತ್ತಿದ್ದಳು.

ಅಷ್ಟು ದೂರದ ದಾರಿಗೆ ಗಾಡಿಯನ್ನೂ ನನ್ನನ್ನೂ ಪಳಗಿಸಲೆಂದು ಭಾನುವಾರ ಭಾನುವಾರ ಬೆಳಗಿನ ಜಾವ ಹೊರಡುತ್ತಿದ್ದೆವು. ಗುಡಗಾಂವ್ ದಾಟಿ, ಸೋಹ್ನಾ ಕಡೆಯ ಕುರುಚಲು ಗುಡ್ಡಗಳವರೆಗೆ. ಎಂಜಿನ್ ಬಿಸಿ ನೋಡಿಕೊಳ್ಳುವುದು ನನ್ನ ಕೆಲಸ. ನನಗಾಗ ಎಂಟು ವರ್ಷ. ಅಪ್ಪನ ನಿಯಮಗಳು ನನಗೆ ಬಾಯಿಪಾಠವಾಗಿದ್ದವು. ನಿಲ್ಲಿಸಿದ ಕೂಡಲೇ ಗಾಡಿಯ ಮುಖ ಗಾಳಿಗೆ ತಿರುಗಿಸಬೇಕು. ಒದ್ದೆ ಬೆರಳಿನಿಂದ ಎಂಜಿನ್ನಿನ ಸುತ್ತಲಿನ ಲೋಹದ ರೆಕ್ಕೆಗಳ ಮೇಲೆ ಒಂದು ಹನಿ ಬಿಡಬೇಕು. ಹನಿ ಚುಯ್ಯೆಂದು ಆರಿಹೋದರೆ ಇನ್ನೂ ಕಾಯಬೇಕು, ಸುಮ್ಮನೆ ಕೂತರೆ ಹೊರಡಬಹುದು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಕಾದ ಎಂಜಿನ್ನಿಗೆ ನೀರು ಸುರಿಯಬಾರದು. ಒಮ್ಮೆ ಪಾಪ, ಬಿಸಿಯಾಗಿದೆಯಲ್ಲ ಎಂದು ನಾನು ಚೊಂಬು ಎತ್ತಿದ್ದೆ. ಅಪ್ಪ ಓಡಿಬಂದು ನನ್ನ ಮಣಿಕಟ್ಟು ಹಿಡಿದುಕೊಂಡ. "ಬಿರುಕು ಬಿಟ್ಬಿಡತ್ತೆ ಪುಟ್ಟಿ. ಒಂದ್ಸಲ ಬಿರುಕು ಬಿಟ್ರೆ ಮುಗೀತು, ಯಾರ ಕೈಲೂ ಸರಿಮಾಡಕ್ಕಾಗಲ್ಲ." ಅಷ್ಟು ಗಟ್ಟಿಯಾಗಿ ಅವನು ನನ್ನನ್ನು ಇನ್ಯಾವತ್ತೂ ಹಿಡಿದಿರಲಿಲ್ಲ.

ಇನ್ನು ಎಣಿಕೆ. ಆರಿಸಿದ ಎಂಜಿನ್ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತದೆ, ಮೊದಲು ಬೇಗ ಬೇಗ, ಆಮೇಲೆ ಬಿಟ್ಟು ಬಿಟ್ಟು. ಎರಡು ಟಿಕ್‌ಗಳ ನಡುವೆ ಒಂದರಿಂದ ನೂರರವರೆಗೆ ಕನ್ನಡದಲ್ಲಿ ಎಣಿಸುವಷ್ಟು ಬಿಡುವು ಸಿಕ್ಕರೆ ಎಂಜಿನ್ ತಣಿದಂತೆ. ನಡುವೆ ಸದ್ದು ಬಂದರೆ ಮತ್ತೆ ಒಂದರಿಂದ. ಶಾಲೆಯ ಹಿಂದಿ ಇಂಗ್ಲಿಷಿನಲ್ಲಿ ಮಗಳ ಕನ್ನಡ ಕಳೆದುಹೋಗಬಾರದೆಂದು ಅಪ್ಪ ಹೂಡಿದ್ದ ಉಪಾಯ ಅದು. ನನಗೆ ಎಪ್ಪತ್ತು ಎಂಬತ್ತು ಯಾವಾಗಲೂ ಕಲಸಿಹೋಗುತ್ತಿದ್ದವು. ಅರವತ್ತೊಂಬತ್ತರಿಂದ ಸೀದಾ ಎಂಬತ್ತಕ್ಕೆ ಹಾರುತ್ತಿದ್ದೆ. "ಎಪ್ಪತ್ತನ್ನ ಯಾವ ಕಾಗೆ ಎತ್ಕೊಂಡು ಹೋಯ್ತೇ?" ಎಂದು ಅಪ್ಪ ಛೇಡಿಸುತ್ತಿದ್ದ.

ಆ ಭಾನುವಾರ ಹತ್ತು ಗಂಟೆಗೆ ಮನೆ ಸೇರಬೇಕಿತ್ತು. ಸೋಹ್ನಾ ಹತ್ತಿರ ಟೈರು ಪಂಕ್ಚರ್ ಆಯಿತು, ಅಂಗಡಿಯವನು ನಿಧಾನದವನು. ಅಲ್ಲಿಯ ಕೈಪಂಪಿನಲ್ಲಿ ಬಾಟಲಿ ತುಂಬಿಸಿಕೊಂಡು ಹೊರಟಾಗ ಸೂರ್ಯ ನೆತ್ತಿಗೆ ಬಂದಿದ್ದ. ಅಪ್ಪನ ಮೈಮೇಲೆ ದಪ್ಪ ಜಾಕೆಟ್ಟು, ಕೈಗವಸು, ತಲೆಗೆ ಹೆಲ್ಮೆಟ್ಟು. ನೀರು ಕೊಟ್ಟರೆ, "ನಂಗೆ ಬೇಡ, ನೀನು ಕುಡಿ" ಎನ್ನುತ್ತಿದ್ದ. ಲೂ ಎನ್ನುವ ಅಲ್ಲಿನ ಉರಿಗಾಳಿ ಎದುರಿನಿಂದ ಬೀಸುತ್ತಿತ್ತು. ರಸ್ತೆಯ ಮೇಲೆ ಒಂದು ಲಾರಿಯೂ ಇರಲಿಲ್ಲ. ಎಂಜಿನ್ನಿನ ದನಿ ಒರಟಾಯಿತು, ಆಯಿಲಿನ ವಾಸನೆ ಏರಿತು. ಅಪ್ಪ ರಸ್ತೆ ಬಿಟ್ಟು ಕಾಲುದಾರಿಗೆ ಇಳಿಸಿದ. ಅಲ್ಲೊಂದು ಪಾಳುಬಿದ್ದ ಗೋರಿ ಇತ್ತು. ಅದರ ಗುಮ್ಮಟ ಒಡೆದಿತ್ತು. ಕದವೇ ಇಲ್ಲದ ಒಂದು ಬಾಗಿಲು, ಒಳಗೆ ಕತ್ತಲೆ.

ಗೋಡೆಯ ನೆರಳಿಗೆ ಗಾಡಿ ನಿಲ್ಲಿಸಿದ. ಗಾಳಿಗೆ ಮುಖ ತಿರುಗಿಸಲಿಲ್ಲ.

"ಅಪ್ಪ, ಗಾಳಿ ಆ ಕಡೆ," ಎಂದೆ.

ಅವನು ಹಾಗೆಯೇ ಗಾಡಿಯಿಂದ ಇಳಿದ. ಹೆಲ್ಮೆಟ್ಟನ್ನು ನಾನೇ ನೆನಪಿಸಿ ತೆಗೆಸಿದೆ. ಕೆಂಪಗಾದ ಮುಖದಲ್ಲಿ ಒಂದು ಹನಿ ಬೆವರಿಲ್ಲ. ಗೋಡೆಗೆ ಒರಗಿ ಕುಳಿತು ಬಾಗಿಲಿನ ಕಡೆ ನೋಡತೊಡಗಿದ. ನಾನು ಎಂಜಿನ್ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಗಟ್ಟಿಯಾಗಿ ಎಣಿಸಲು ಶುರು ಮಾಡಿದೆ. ಎಲ್ಲೋ ನವಿಲೊಂದು ಕೂಗಿ ಸುಮ್ಮನಾಯಿತು. ಎರಡು ಮೇಕೆಗಳು ಬಂದವು. ಆ ಬಿಸಿಲಿನಲ್ಲೂ ನೆರಳಿಗೆ ಬರದೆ, ದೂರವೇ ನಿಂತು ಅವೂ ಬಾಗಿಲನ್ನೇ ನೋಡುತ್ತಿದ್ದವು.

"ಅಣ್ಣ, ಗಾಡಿ ಬಿಸಿಯಾಗಿದೆ. ಸ್ವಲ್ಪ ತಡಿ, ಬಂದೆ," ಎಂದ ಅಪ್ಪ.

ನಾನು ತಿರುಗಿ ನೋಡಿದೆ. ಕತ್ತಲೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಮಾತ್ರ ಎದುರಿಗಿದ್ದವರು ಏನೋ ಹೇಳಿದಂತೆ ತಲೆಯಾಡಿಸುತ್ತಿದ್ದ. ಅಣ್ಣ ಎಂದು ಅವನು ಕರೆಯುತ್ತಿದ್ದದ್ದು ಒಬ್ಬನನ್ನೇ. ಹೆದರಿಕೆಯಾದಾಗ ಕೈಯಲ್ಲಿರುವ ಕೆಲಸ ಬಿಡಬಾರದು ಎಂದೇಕೋ ಅನಿಸಿ, ಇನ್ನೂ ಗಟ್ಟಿಯಾಗಿ ಎಣಿಸಿದೆ.

ಟಿಕ್ ಟಿಕ್ ನಿಲ್ಲಲೇ ಇಲ್ಲ. ಎಷ್ಟು ಸಲ ಒಂದರಿಂದ ಶುರು ಮಾಡಿದೆನೋ. ಕೊನೆಗೆ ಎಂಜಿನ್ ಮೇಲೆ ಹನಿ ಬಿಟ್ಟೆ. ಹನಿ ಸುಮ್ಮನೆ ಕೂತಿತು. ಕಿವಿಯಿಟ್ಟು ಕೇಳಿದೆ, ಎಂಜಿನ್ ಯಾವಾಗಲೋ ಸುಮ್ಮನಾಗಿತ್ತು. ಆದರೂ ಸದ್ದು ಬರುತ್ತಿತ್ತು.

ಅದು ಅಪ್ಪನ ಹಲ್ಲುಗಳದು. ಆ ಉರಿಬಿಸಿಲಿನಲ್ಲಿ ಅವನು ನಡುಗುತ್ತಿದ್ದ. ಕಣ್ಣು ಅರ್ಧ ತೆರೆದಿತ್ತು. ಒದ್ದೆ ಬೆರಳನ್ನು ಅವನ ಹಣೆಗೆ ಮುಟ್ಟಿಸಿದೆ. ಹನಿ ತಕ್ಷಣ ಆರಿಹೋಯಿತು.

ತುಂಬಿದ ಬಾಟಲಿ ನನ್ನ ತೊಡೆಯ ಮೇಲೇ ಇತ್ತು. ಮುಚ್ಚಳವನ್ನೂ ತಿರುಗಿಸಿದ್ದೆ. ಆಗ ಮಣಿಕಟ್ಟಿನ ಮೇಲೆ ಅವನ ಹಿಡಿತ ನೆನಪಾಯಿತು. ಬಿರುಕು ಬಿಟ್ಟರೆ ಮುಗಿಯಿತು. ನಾನು ಮುಚ್ಚಳ ಮತ್ತೆ ಬಿಗಿದೆ. ಟಿಕ್ ಟಿಕ್ ಎಂದರೆ ತಣ್ಣಗಾಗುತ್ತಿದೆ ಎಂದಲ್ಲವೇ? ಹಾಗೆಂದು ಸಮಾಧಾನಪಟ್ಟುಕೊಂಡು ಅಪ್ಪನ ಪಕ್ಕ ಕೂತು ಅವನನ್ನು ಎಣಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು. ನನಗೆ ಎಷ್ಟು ಖುಷಿಯಾಯಿತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಒಂದೂ ಅಡ್ಡಿಯಿಲ್ಲದೆ ಎಣಿಸಿ ಮುಗಿಸಿ, "ನೂರು! ಆಯ್ತಪ್ಪ, ಚಲೋ!" ಎಂದು ಕೂಗಿದೆ. ಅಪ್ಪ ಪಕ್ಕಕ್ಕೆ ವಾಲಿದ.

ನನ್ನ ಚೀರಾಟಕ್ಕೆ ದಿಬ್ಬದ ಮೇಲಿಂದ ಮೇಕೆ ಕಾಯುವ ಹೆಂಗಸೊಬ್ಬಳು ಓಡಿಬಂದಳು. ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು ಅಪ್ಪನ ತಲೆ, ಕುತ್ತಿಗೆಯ ಮೇಲೆ ಸುರಿದಳು. "ಬೇಡ, ಬೇಡ" ಎಂದು ನಾನು ಅವಳ ಕೈಗೆ ಜೋತುಬಿದ್ದೆ. ಅವಳು ನನ್ನನ್ನು ಕೊಡವಿ, ಜಾಕೆಟ್ ಬಿಚ್ಚಿ, ತನ್ನ ಕ್ಯಾನಿನ ನೀರನ್ನೂ ಸುರಿದು ತಲೆಗೆ ಹೊದ್ದಿದ್ದ ಓಢನಿಯಲ್ಲಿ ಗಾಳಿ ಬೀಸಿದಳು. ಅಪ್ಪ ಬಿರುಕು ಬಿಡಲಿಲ್ಲ, ಉಸಿರೆಳೆದುಕೊಂಡ. ಅವಳು ಕೂಗಿ ಕರೆದ ಟ್ರ್ಯಾಕ್ಟರಿನಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸಾಗಿಸಿದರು. ಹತ್ತಿಸುವಾಗ ಅವಳು ನನ್ನನ್ನು ಕೇಳಿದಳು, "ದೂಸ್ರಾ ಆದ್ಮೀ ಕಹಾಂ ಗಯಾ, ಬಿಟಿಯಾ?"

ಇನ್ನೊಬ್ಬ ಯಾರೂ ಇರಲಿಲ್ಲ ಎಂದೆ. ಅವಳು ಹುಬ್ಬು ಗಂಟಿಕ್ಕಿದಳು. ಗೋಡೆಗೊರಗಿ ಇಬ್ಬರು ಗಂಡಸರು ಕೂತಿದ್ದನ್ನು ದಿಬ್ಬದ ಮೇಲಿಂದ ಕಂಡಿದ್ದಳಂತೆ. ದೊಡ್ಡವರಿಬ್ಬರು ಇದ್ದಾರಲ್ಲ ಎಂದೇ ಮೊದಲು ಬರಲಿಲ್ಲವಂತೆ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಾಟಲಿಯ ಮುಚ್ಚಳ ಬಿಗಿದದ್ದನ್ನೂ ಹೇಳಲಿಲ್ಲ.

ಅಪ್ಪ ನಾಲ್ಕು ದಿನಕ್ಕೆ ಮನೆಗೆ ಬಂದ. ಗಾಡಿ ಬಂದು ಮೆಟ್ಟಿಲ ಕೆಳಗೆ ನಿಂತಿತು, ಎರಡು ವರ್ಷ ಧೂಳು ತಿಂದು ಗುಜರಿಗೆ ಹೋಯಿತು. ದಸರೆಗೆ ನಾವು ರೈಲಿನಲ್ಲೇ ಹೋದೆವು. ಅಪ್ಪ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮತ್ತೆಂದೂ ಅವನು ನನಗೆ ಏನನ್ನೂ ಎಣಿಸಲು ಹೇಳಲಿಲ್ಲ. ಆ ಗೋರಿಯ ಸುತ್ತ ಈಗ ಇಪ್ಪತ್ತು ಮಹಡಿಯ ಕಟ್ಟಡಗಳು ಎದ್ದಿವೆ, ಅದರ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ದಾರೆ.

ಹೋದ ಯುಗಾದಿಗೆ ಅಪ್ಪ ಅಮ್ಮ ನಮ್ಮ ಮನೆಗೆ ಬಂದಿದ್ದರು. ನನ್ನ ಗಂಡ ತನ್ನ ಹೊಸ ಮೋಟಾರ್‌ಸೈಕಲನ್ನು ಅಂಗಳದಲ್ಲಿ ನಿಲ್ಲಿಸಿ ಒಳಗೆ ಹೋದ. ಎಂಜಿನ್ ಆರಿಸಿದ ಮೇಲೂ ಅದರ ಫ್ಯಾನು ಗುಂಯ್ಯೆಂದು ತಿರುಗುತ್ತಿತ್ತು. ಈಗಿನ ಗಾಡಿಗಳು ತಮ್ಮ ಬಿಸಿಯನ್ನು ತಾವೇ ನೋಡಿಕೊಳ್ಳುತ್ತವೆ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರಲು ಯಾವ ಮಗಳೂ ಬೇಕಿಲ್ಲ. ಅಪ್ಪ ಆ ಫ್ಯಾನಿನ ಸದ್ದನ್ನೇ ಕೇಳುತ್ತ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬಾಟಲಿ, ಮುಚ್ಚಳ, ಪಕ್ಕದಲ್ಲಿ ಕೂತು ಎಣಿಸಿದ್ದು.

"ಗೊತ್ತು," ಎಂದ ಅಪ್ಪ. "ಎಲ್ಲ ಕೇಳಿಸ್ತಿತ್ತು ಪುಟ್ಟಿ. ಅಣ್ಣ ಬಾ ಬಾ ಅಂತ ಕರೀತಿದ್ದ. ನೀನು ಅರವತ್ತೊಂಬತ್ತಾದ್ಮೇಲೆ ಎಂಬತ್ತು ಅಂದೆ. ಇದನ್ನ ತಿದ್ದಿ ಬರ್ತೀನಿ, ತಡಿ ಅಂದೆ ಅವನಿಗೆ."

ಫ್ಯಾನು ನಿಂತಿತು.

"ಈಗ ಹೇಳು ನೋಡೋಣ. ಅರವತ್ತೊಂಬತ್ತಾದ್ಮೇಲೆ?"

ನನಗೆ ಉತ್ತರ ಗೊತ್ತಿತ್ತು. ಹೇಳಿಬಿಟ್ಟರೆ ಅವನಿಗೆ ತಿದ್ದಲು ಏನೂ ಉಳಿಯುವುದಿಲ್ಲವಲ್ಲ ಎಂದು ಭಯವಾಯಿತು.

"ಎಂಬತ್ತು," ಎಂದೆ.