ಟಿಕೆಟ್ ಇಲ್ಲದ ಪ್ರಯಾಣಿಕರು

ಕೊರೊನಾದ ಭಯ ಕಳೆದು, ಘಾಟಿ ರಸ್ತೆಗಳು ಮತ್ತೆ ಪ್ರವಾಸಿಗರ ಕಾರುಗಳಿಂದ ತುಂಬತೊಡಗಿದ್ದ ವರ್ಷ ಅದು. ನಾನು ಆಗ ಊಟಿಯಲ್ಲಿ ಯೋಜನಾಧಿಕಾರಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ತಮಿಳುನಾಡಿನ ಗಡಿಯ ತಾಳವಾಡಿಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಕಚೇರಿಯಲ್ಲೂ ತಮಿಳು ಎಂದು ಬೆಳೆದವಳು ನಾನು. ಆ ಬೆಟ್ಟದ ಊರು ನನಗೆ ಬೇಗ ಒಗ್ಗಿತ್ತು. ಈಗಲೂ ಸ್ವೆಟರಿನ ವಾಸನೆ ಮೂಗಿಗೆ ಬಡಿದರೆ ಆ ಕಚೇರಿಯ ಒದ್ದೆ ಗೋಡೆ, ಹೀಟರಿನ ಪಕ್ಕ ಒಣಗಲು ಇಟ್ಟ ನಕ್ಷೆಗಳು ಕಣ್ಣ ಮುಂದೆ ಬರುತ್ತವೆ.

ನಮಗೆ ಒಪ್ಪಿಸಿದ್ದ ಕೆಲಸ ಇಡೀ ಜಿಲ್ಲೆಗೆ ಒಂದು ಪ್ರಾದೇಶಿಕ ಯೋಜನೆ ತಯಾರಿಸುವುದು. ಊಟಿ, ಕೂನೂರು, ಕೋತಗಿರಿ, ಗೂಡಲೂರು, ಎಲ್ಲವೂ ಬೆಳೆಯುತ್ತಿದ್ದವು. ಒಂದೊಂದು ಪಟ್ಟಣಕ್ಕೂ ಪ್ರತ್ಯೇಕವಾಗಿ ಯೋಚಿಸಿದರೆ ನಡುವಿನ ಹಳ್ಳಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಪ್ರತಿ ಪಟ್ಟಣದ ಸುತ್ತ ಒಂದು ಗೆರೆ ಎಳೆಯುತ್ತೇವೆ. ಓದಿಗೆ, ಸಂತೆಗೆ, ಆಸ್ಪತ್ರೆಗೆ ಯಾವ ಯಾವ ಹಳ್ಳಿಯವರು ಆ ಪಟ್ಟಣಕ್ಕೆ ಬರುತ್ತಾರೋ ಅವೆಲ್ಲ ಗೆರೆಯೊಳಗೆ. ಇದಕ್ಕೆ ನಮ್ಮ ವೃತ್ತಿಯ ಭಾಷೆಯಲ್ಲಿ ಕ್ಯಾಚ್‌ಮೆಂಟ್ ಎನ್ನುತ್ತಾರೆ. ಮುಂದೆ ಕಾಲೇಜು ಎಲ್ಲಿ, ಬಸ್ಸು ಯಾವ ಕಡೆಗೆ ಎಂಬುದೆಲ್ಲ ಆ ಗೆರೆಯನ್ನೇ ನೋಡಿ ತೀರ್ಮಾನವಾಗುತ್ತದೆ.

ಮಸಿನಗುಡಿ, ಬೊಕ್ಕಾಪುರಂ ಎರಡನ್ನೂ ನಾನು ಊಟಿಯ ಗೆರೆಯೊಳಗೆ ಹಾಕಿದ್ದೆ. ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವು ಹತ್ತಿದರೆ ಊಟಿ. ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು. ಅದರ ಜೊತೆಗಿನ ಸಾರಿಗೆ ಪಟ್ಟಿಯಲ್ಲಿ, ಮಸಿನಗುಡಿಯಿಂದ ತೊರಪಳ್ಳಿ ಮೇಲೆ ಗೂಡಲೂರಿಗೆ ಹೋಗಿ ಸಂಜೆ ಹಿಂದಿರುಗುವ ಬಸ್ಸಿನ ಎದುರು 'ಪ್ರಯಾಣಿಕರು ಕಡಿಮೆ, ನಿಲ್ಲಿಸಬಹುದು' ಎಂದು ಬರೆದಿದ್ದೆ. ಆ ಬಸ್ಸನ್ನು ಊಟಿ ಮಾರ್ಗಕ್ಕೆ ಕೊಡುವುದು ನಮ್ಮ ಸಲಹೆ.

ಕರಡನ್ನು ಜನರ ಮುಂದಿಡಬೇಕೆಂಬುದು ನಿಯಮ. ಬೊಕ್ಕಾಪುರದ ಶಾಲೆಯ ಜಗಲಿಯಲ್ಲಿ ನಕ್ಷೆ ತೂಗುಹಾಕಿದೆವು. ರೆಸಾರ್ಟಿನ ಮಾಲೀಕರು ಕೆಲವರು ತಮ್ಮ ಸರ್ವೆ ನಂಬರು ಹುಡುಕಿ ನೋಡಿ ಹೊರಟುಹೋದರು. ಕೊನೆಗೆ ಉಳಿದದ್ದು ಮಾದೇವಮ್ಮ. ಅವರ ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಬೀನ್ಸು, ಬೀಟ್‌ರೂಟು ಬೆಳೆಯುತ್ತಿದ್ದರು. ನಾನು ಕನ್ನಡದಲ್ಲಿ ವಿವರಿಸಿದ್ದು ಕೇಳಿ ಧೈರ್ಯ ಬಂದಿರಬೇಕು, ಹತ್ತಿರ ಬಂದು ಗೆರೆಯ ಮೇಲೆ ಬೆರಳಿಟ್ಟರು.

"ಇದ ಯಾರವ್ವ ಎಳ್ದದ್ದು?"

"ನಾನೇ."

"ಊಟಿಗೆ ನಾವು ಹೋಗದು ವರ್ಸಕ್ಕೊಂದ್ಸಲ, ಅರ್ಜಿ ಬರ್ಕೊಂಡು ಕಲೆಕ್ಟರ ಕೈಗೆ ಕೊಡಕ್ಕೆ. ಮಿಕ್ಕದ್ದಕ್ಕೆಲ್ಲ ಗೂಡಲೂರೇ. ನನ್ ಮಗಳು ಓದದೂ ಅಲ್ಲೇ. ಆ ಬಸ್ ನಿಲ್ಸಬುಟ್ರೆ ಅವಳ್ನ ಮನೇಲಿ ಕೂರ್ಸದೇಯ."

ಬಸ್ಸಿನಲ್ಲಿ ಜನರೇ ಇಲ್ಲವಲ್ಲ ಎಂದೆ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಒಂದ್ಸಲ ಹತ್ತಿ ನೋಡಿ" ಎಂದರು. ನಾಲ್ಕು ವರ್ಷ ಆ ಜಿಲ್ಲೆಯಲ್ಲಿ ಕೆಲಸ ಮಾಡಿಯೂ ಇಲಾಖೆಯ ಜೀಪು ಬಿಟ್ಟು ನಾನು ಎಲ್ಲಿಗೂ ಹೋದವಳಲ್ಲ.

ಮರುದಿನ ಬೆಳಿಗ್ಗೆ ಮಸಿನಗುಡಿಯಲ್ಲಿ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ. ಯೂನಿಫಾರ್ಮಿನ ಹುಡುಗಿಯರು, ಕಾಲೇಜಿನ ಮಕ್ಕಳು, ಅವರ ಚೀಲಗಳ ನಡುವೆ ಒಂಟಿ ಕಾಲಿನಲ್ಲಿ ನಿಂತಂತೆ ನಿಂತೆ. ಕಂಡಕ್ಟರ್ ಬೋಜನ್ ಆ ಬೆಟ್ಟಗಳ ಬಡಗ ಸಮುದಾಯದವರು, ಊಟಿ ಹತ್ತಿರದ ಒಂದು ಹಟ್ಟಿಯವರು. ನನಗೆ, ಹಿಂದಿನ ಸೀಟಿನ ಕೆಲವರಿಗೆ ಮಾತ್ರ ಟಿಕೆಟ್ ಹರಿದುಕೊಟ್ಟು ಮೆಷಿನ್ ಕಂಕುಳಿಗೆ ಸಿಕ್ಕಿಸಿಕೊಂಡರು. ನಾನು ಯಾರು, ಏಕೆ ಬಂದೆ ಎಂದು ಹೇಳಿದೆ. ಅವರು ನಕ್ಕು, ತಮ್ಮ ಬಡಗು, ತಮಿಳು, ಕನ್ನಡ ಮೂರನ್ನೂ ಕಲಸಿ ಹೇಳಿದರು.

"ಅಕ್ಕಾ, ಈ ಮೆಷಿನ್ ಕಾಸು ಕೊಟ್ಟವರನ್ನ ಮಾತ್ರ ಎಣಿಸುತ್ತೆ. ಪಾಸ್ ಇರೋ ಮಕ್ಕಳು ಅದರ ಕಣ್ಣಿಗೆ ಇಲ್ಲ. ರಿಪೋರ್ಟಲ್ಲಿ ಈ ಬಸ್ಸು ಖಾಲಿ. ನನಗೆ ಮಾತ್ರ ಕಾಲಿಡಕ್ಕೆ ಜಾಗ ಇಲ್ಲ!"

ನನ್ನ ಪಟ್ಟಿ ಟಿಕೆಟ್ ಮಾರಾಟದಿಂದ ತಯಾರಾದದ್ದು. ಉಚಿತ ಪಾಸಿನ ವಿದ್ಯಾರ್ಥಿಗಳನ್ನು ಬೇರೆಯಾಗಿ ಸೇರಿಸಬೇಕೆಂಬ ಯೋಚನೆ ನನಗೆ ಹೊಳೆದಿರಲೇ ಇಲ್ಲ. ಆ ಪಟ್ಟಿಯ ಕೆಳಗಿದ್ದದ್ದು ನನ್ನ ಸಹಿ.

ಒಂದು ವಾರ ಅದೇ ಬಸ್ಸಿನಲ್ಲಿ ಹೋಗಿಬಂದೆ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಏನು ಕೆಲಸ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡನೆಯ ದಿನಕ್ಕೆ ಹುಡುಗಿಯರು ನನಗೆ ಜಾಗ ಹಿಡಿದಿಡತೊಡಗಿದರು. ಮಾದೇವಮ್ಮನ ಮಗಳು ರತ್ನ ಎರಡನೆಯ ವರ್ಷದ ಬಿ.ಕಾಂ. ಒಂದು ಸಂಜೆ ತೆಪ್ಪಕಾಡು ದಾಟಿದ ಮೇಲೆ ಆನೆಗಳು ರಸ್ತೆಗೆ ಬಂದು ಬಸ್ಸು ನಿಂತಿತು. ಯಾರೂ ಕಿಟಕಿಯತ್ತ ನೋಡಲಿಲ್ಲ. ಎಲ್ಲರೂ ರೆಕಾರ್ಡ್ ಬರೆಯುತ್ತಿದ್ದರು. ನಾನೊಬ್ಬಳೇ ಬಗ್ಗಿ ನೋಡುತ್ತಿದ್ದೆ.

"ಹಾಸ್ಟೆಲಿಗೆ ಸೇರಬಹುದಲ್ಲ?" ಎಂದು ರತ್ನಳನ್ನು ಕೇಳಿದೆ.

"ಅಪ್ಪ ಕಳ್ಸಲ್ಲ ಮೇಡಂ. ಈ ಬಸ್ಸಿದ್ರೆ ಕಾಲೇಜು, ಇಲ್ಲಾಂದ್ರೆ ಇಲ್ಲ" ಎಂದಳು, ಸ್ಕೇಲಿಟ್ಟು ಗೆರೆ ಎಳೆಯುವುದನ್ನು ನಿಲ್ಲಿಸದೆಯೇ.

ಊಟಿಗೆ ಮರಳಿದಾಗ ಕರಡು ಮುದ್ರಣಕ್ಕೆ ಹೊರಟು ನಿಂತಿತ್ತು. ಮೇಲಧಿಕಾರಿಗಳ ಕೋಣೆಗೆ ನೋಟ್‌ಬುಕ್ಕಿನೊಂದಿಗೆ ಹೋದೆ. ಅವರು ಕೆಟ್ಟವರಲ್ಲ, ಗಡುವು ತಲೆಯ ಮೇಲೆ ಕುಳಿತಿದ್ದ ಮನುಷ್ಯ.

"ಒಂದು ಬಸ್ಸಿಗಾಗಿ ಇಡೀ ನಕ್ಷೆ ಬದಲಿಸಬೇಕೇನಮ್ಮಾ?"

"ಒಂದು ಬಸ್ಸಲ್ಲ ಸರ್. ಎಲ್ಲ ಮಾರ್ಗಗಳನ್ನೂ ನಾನು ಹೀಗೇ ಎಣಿಸಿದ್ದೇನೆ. ತಪ್ಪು ನನ್ನದು."

ಅವರು ನೋಟ್‌ಬುಕ್ಕಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ಕಿಟಕಿಯ ಗಾಜಿನ ಮೇಲೆ ಮಂಜು ಹನಿಯಾಗಿ ಇಳಿಯುತ್ತಿತ್ತು. "ಹಾಗಾದರೆ ಇದನ್ನು ಬರವಣಿಗೆಯಲ್ಲಿ ಕೊಡಿ" ಎಂದರು. ಕೊಟ್ಟೆ. ವಿಳಂಬಕ್ಕೆ ಕಾರಣ ಕೇಳಿ ನನಗೊಂದು ಮೆಮೊ ಬಂತು. ಯೋಜನೆಯ ಮುಂದಾಳುತನ ಇನ್ನೊಬ್ಬರ ಕೈಗೆ ಹೋಯಿತು. ಆ ದಿನ ಮನೆಗೆ ಬಂದು ಅತ್ತದ್ದು ನಿಜ.

ಆದರೆ ಮರು ಎಣಿಕೆ ನಡೆಯಿತು. ಈ ಸಲ ನಮ್ಮವರು ಬಸ್ಸು ಹತ್ತಿಯೇ ಎಣಿಸಿದರು. ಊಟಿಗೂ ಗೂಡಲೂರಿಗೂ ನಡುವಿನ ನಡುವಟ್ಟದಂಥ ಊರು ಓದಿಗೆ ಒಂದು ಕಡೆ, ಸಂತೆಗೆ ಇನ್ನೊಂದು ಕಡೆ ಹೋಗುತ್ತದೆಂದು ತಿಳಿಯಿತು. ಕೊನೆಯ ನಕ್ಷೆಯಲ್ಲಿ ಗೆರೆಗಳು ಒಂದರ ಮೇಲೊಂದು ಹಾದಿದ್ದವು, ನೋಡಲು ಅಚ್ಚುಕಟ್ಟಾಗಿರಲಿಲ್ಲ. ಮಸಿನಗುಡಿ ಗೂಡಲೂರಿನ ಗೆರೆಯೊಳಗೆ ಬಂತು. 'ನಿಲ್ಲಿಸಬಹುದು' ಎಂಬ ಮಾತು ಪಟ್ಟಿಯಿಂದ ಹೋಯಿತು. ಗೂಡಲೂರಿನ ಕಾಲೇಜಿಗೆ ಹೆಚ್ಚುವರಿ ಕೊಠಡಿ ಬೇಕೆಂದೂ ಬರೆದಿದ್ದೆ. ಅದು ನಾನು ಕೆಲಸದಲ್ಲಿದ್ದಷ್ಟು ಕಾಲ ಆಗಲಿಲ್ಲ.

ರತ್ನ ಪದವಿ ಮುಗಿಸಿ ಗೂಡಲೂರಿನ ಒಂದು ಟೀ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳೆಂದು ಮಾದೇವಮ್ಮ ಫೋನಿನಲ್ಲಿ ಹೇಳಿದರು.

ನಿವೃತ್ತಿಯ ತಿಂಗಳಲ್ಲಿ ಒಮ್ಮೆ ರಜೆ ಹಾಕಿ, ಸುಮ್ಮನೆ ಆ ಸಂಜೆಯ ಬಸ್ಸಿನಲ್ಲಿ ಹೋದೆ. ಬೋಜನ್ ಬೇರೆ ಮಾರ್ಗಕ್ಕೆ ಹೋಗಿದ್ದರು. ಪರಿಚಯದ ಮುಖ ಒಂದೂ ಇರಲಿಲ್ಲ. ಪಕ್ಕದಲ್ಲಿ ಕೂತ ಹುಡುಗಿ ನನ್ನನ್ನು ಪ್ರವಾಸಿ ಎಂದುಕೊಂಡು, ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು.

"ಈ ಬಸ್ಸು ಎಷ್ಟು ವರ್ಷದಿಂದ ಇದೆ?" ಎಂದು ಕೇಳಿದೆ.

"ಯಾವಾಗ್ಲೂ ಇದೆ ಆಂಟಿ" ಎಂದಳು.

ಅವಳಿಗೆ ಬೇರೇನೂ ತಿಳಿಯಬೇಕಿರಲಿಲ್ಲ. ಮೂವತ್ತು ವರ್ಷಗಳಲ್ಲಿ ನಾನು ಕಟ್ಟಿಸಿದ ಮಾರುಕಟ್ಟೆ, ಅಗಲ ಮಾಡಿಸಿದ ರಸ್ತೆಗಳಿಗೆ ಕಲ್ಲಿನ ಫಲಕಗಳಿವೆ. ಆಗದಂತೆ ತಡೆದ ತಪ್ಪಿಗೆ ಫಲಕವಿರುವುದಿಲ್ಲ. ಯಾರೋ ದಿನಾ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆ, ಅಷ್ಟೇ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡದು ಇಲ್ಲವೆಂದು ನನಗೆ ಕಲಿಸಿದ್ದು ಆ ಒಂದು ವಾರ.